ಒಂದು ಬಾಗಿಲು, ಎರಡು ನಂಬರು

ಚೆನ್ನೈನ ಮನೆಬಾಗಿಲುಗಳಲ್ಲಿ ಹಳೆಯ ನಂಬರು, ಹೊಸ ನಂಬರು ಎರಡೂ ಇರುವುದನ್ನು ನೋಡಿರುತ್ತೀರಿ. ರೂಟರಿನ ಒಂದೇ ಪೋರ್ಟಿಗೆ ಎರಡು ಐಪಿ ವಿಳಾಸ ಬಂದದ್ದೂ ಅಂಥದೇ ಇಕ್ಕಟ್ಟಿನಿಂದ.

1981ರ ಐಪಿ ನಿಯಮದಲ್ಲಿ ಜಾಲಗಳಿಗೆ ಮೂರೇ ಅಳತೆ. ಚಿಕ್ಕದಾದ ಸಿ ವರ್ಗದಲ್ಲಿ ರೂಟರೂ ಸೇರಿ 254 ವಿಳಾಸ. ಅದರ ಮೇಲಿನ ಬಿ ವರ್ಗದಲ್ಲಿ 65,534. ಮುನ್ನೂರು ಕಂಪ್ಯೂಟರುಗಳ ಕಚೇರಿ ಏನು ಮಾಡಬೇಕು? ಇನ್ನೊಂದು ಸಿ ಜಾಲ ಪಡೆದು, ಅದೇ ಕೇಬಲ್ಲಿನ ಮೇಲೆ ಓಡಿಸಿ, ರೂಟರಿಗೆ ಎರಡನೆಯ ವಿಳಾಸ ಕೊಡುವುದು.

ಅದಕ್ಕೆ ಬೆಲೆಯೂ ಇತ್ತು. ಅಕ್ಕಪಕ್ಕದ ಮೇಜಿನ ಕಂಪ್ಯೂಟರುಗಳು ಬೇರೆ ಬೇರೆ ಜಾಲದವಾದರೆ, ಅವುಗಳ ಮಾತು ರೂಟರಿಗೆ ಹೋಗಿ ಅದೇ ತಂತಿಯಲ್ಲಿ ಹಿಂತಿರುಗಬೇಕು.

1993ರಲ್ಲಿ ವರ್ಗಗಳ ಕಟ್ಟು ಸಡಿಲವಾಯಿತು. ಆದರೂ ಎರಡನೆಯ ವಿಳಾಸ ಉಳಿಯಿತು: ಜಾಲದ ನಂಬರು ಬದಲಿಸುವಾಗ ಹಳೆಯದು, ಹೊಸದು ಎರಡನ್ನೂ ಇಟ್ಟುಕೊಂಡರೆ ಕೆಲಸ ನಿಲ್ಲಿಸದೆ ಯಂತ್ರಗಳನ್ನು ಒಂದೊಂದಾಗಿ ದಾಟಿಸಬಹುದು. ಹಳೆಯದನ್ನು ಅಳಿಸುವುದನ್ನು ಮಾತ್ರ ಮರೆಯುತ್ತೇವೆ, ಚೆನ್ನೈನ ಬಾಗಿಲುಗಳಲ್ಲಿ ಮರೆತಂತೆಯೇ.