ಬೊಮ್ಮನ ಕಾಗದ ಓದಲು ದುಡ್ಡು ಎಲ್ಲಿಂದ?

ಸುಮಾರು 900 ವರ್ಷಗಳ ಹಿಂದೆ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇದ್ದ. ಅವನ ಹುಟ್ಟೂರು ಈಗಿನ ಟುನೀಶಿಯಾದಲ್ಲಿ. ಇಲ್ಲಿಂದ ಕಾಳುಮೆಣಸು, ಅಡಿಕೆ ಹಡಗಿಗೆ ಹಾಕಿ ಕಳಿಸುತ್ತಿದ್ದ. 1132ರಲ್ಲಿ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವನ ವ್ಯವಹಾರಕ್ಕಾಗಿ ಏಡನ್‌ಗೆ ಹೋಗಿಬಂದ ಆಳಿನ ಹೆಸರು ಬೊಮ್ಮ. ನಮ್ಮ ಕರಾವಳಿಯದೇ ಹೆಸರು.

ಈ ಕಾಗದಗಳು ಕೈರೋದ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಉಳಿದಿದ್ದವು. ಅಲ್ಲಿನ ಹಾಳೆಗಳ ದೊಡ್ಡ ರಾಶಿ ಈಗ ಕೇಂಬ್ರಿಜ್‌ನಲ್ಲಿದೆ. ಮಾತು ಅರಬಿ, ಲಿಪಿ ಹೀಬ್ರೂ. ಅಮಿತಾವ್ ಘೋಷ್ 1992ರಲ್ಲಿ ಇದರ ಮೇಲೆ ಪುಸ್ತಕ ಬರೆದರು. ನಮ್ಮ ಊರಿನವರು ಓದಬೇಕಾದರೆ ಯಹೂದಿ ಅಧ್ಯಯನವನ್ನೇ ಕಲಿಯಬೇಕು. ವಿದೇಶದಲ್ಲಿ ಇದನ್ನು ಸಾರ್ವಜನಿಕ ಆಡಳಿತದ ಜೊತೆ ಸೇರಿಸಿ ಜೋಡಿ ಸ್ನಾತಕೋತ್ತರ ಪದವಿ ಮಾಡುವವರೂ ಇದ್ದಾರೆ. ಒಂದು ಪದವಿ ಕಾಗದ ಓದಲು, ಇನ್ನೊಂದು ಹೊಟ್ಟೆಪಾಡಿಗೆ. ಆದರೆ ಖರ್ಚು?

ದುಡ್ಡು ಕೂಡಿಸುವುದು ಉಡುಪಿಗೆ ಹೊಸತಲ್ಲ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಇಲ್ಲಿ ಬ್ಯಾಂಕು ಕಟ್ಟಿದರು. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ನೇಕಾರರ ನೆರವಿಗೆಂದು ಸ್ಥಾಪಿಸಿದ್ದೇ ಮುಂದಿನ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅದರ ಪಿಗ್ಮಿ ಶುರುವಾಯಿತು. ಏಜೆಂಟ್ ಮನೆಬಾಗಿಲಿಗೆ ಬರುತ್ತಿದ್ದ, ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಮಣಿಪಾಲದಲ್ಲಿ 1953ರಲ್ಲಿ ಖಾಸಗಿ ಮೆಡಿಕಲ್ ಕಾಲೇಜು, ಕಾರ್ಕಳದಲ್ಲಿ 1960ರಲ್ಲಿ ಭುವನೇಂದ್ರ ಕಾಲೇಜು ಬಂದವು. ಸರಕಾರ ಕೊಡುವವರೆಗೆ ಕಾಯದೆ ಓದಿಗೆ ದಾರಿ ಮಾಡಿಕೊಂಡ ಜಿಲ್ಲೆ ಇದು. ಆದರೆ ಮಣಿಪಾಲದ ಮೆಡಿಕಲ್ ಸೀಟಿಗೆ ಮನೆಯಲ್ಲಿ ದುಡ್ಡಿರಬೇಕಿತ್ತು ಎಂಬುದೂ ಅದೇ ಚರಿತ್ರೆಯ ಮಾತು.

ಈಗ ಎರಡೂ ಬ್ಯಾಂಕುಗಳ ಹೆಸರಿಲ್ಲ. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ವಿದೇಶದ ಓದಿಗೆ ದೊಡ್ಡ ಸಾಲ ಬೇಕಾದರೆ ಬ್ಯಾಂಕು ಜಾಗದ ದಾಖಲೆ ಕೇಳುತ್ತದೆ. ಅಡವಿಡಲು ಜಾಗವೇ ಇಲ್ಲದವರಿಗೆ ಉಳಿಯುವುದು ವಿದ್ಯಾರ್ಥಿವೇತನ.

ಪರಿಶಿಷ್ಟ ಜಾತಿ, ಭೂಮಿಯಿಲ್ಲದ ಕೃಷಿ ಕಾರ್ಮಿಕರು ಮೊದಲಾದವರ ಮಕ್ಕಳಿಗಾಗಿ ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. 2022ರಲ್ಲಿ ಅದರ ನಿಯಮ ಬದಲಾಯಿತು: ಭಾರತದ ಸಂಸ್ಕೃತಿ, ಚರಿತ್ರೆಯ ವಿಷಯಗಳಿಗೆ ಹಣವಿಲ್ಲ. ಅಂಥವನ್ನು ಇಲ್ಲೇ ಓದಬಹುದು ಎಂಬುದು ಸರಕಾರದ ವಾದ.

ಆದರೆ ಬೊಮ್ಮನ ಕಾಗದ ಇಲ್ಲಿಲ್ಲ. ಕಾಪುವಿನ ಕೂಲಿಯವರ ಮಗಳು ಅದನ್ನು ಓದಲು ಕೇಂಬ್ರಿಜ್‌ಗೆ ಹೋಗಬೇಕೆಂದರೆ, ಅದು ನಮ್ಮದೇ ಚರಿತ್ರೆ ಎಂಬ ಕಾರಣಕ್ಕೇ ಆ ಬಾಗಿಲು ಮುಚ್ಚುತ್ತದೆ. ಒಡೆಯನ ಲೆಕ್ಕದ ನಡುವೆ ಸಿಕ್ಕಿದ ಆಳಿನ ಹೆಸರನ್ನು ಆಳುಗಳ ಮಕ್ಕಳು ಓದಲು, ಎರಡಾಣೆಯ ಊರು ಇನ್ನೊಂದು ಪಿಗ್ಮಿ ಹುಡುಕಬೇಕಾಗಿದೆ.