ಸಸ್ಯಗಂಟು ಕೀಟಗಳು ಮತ್ತು ಆತಿಥೇಯ ಸಸ್ಯದ ರಸಾಯನ

ಸಸ್ಯಗಂಟು ಅಥವಾ ಗಾಲ್ ಎಂಬುದು ಕೀಟ, ನುಸಿ, ಶಿಲೀಂಧ್ರ ಮೊದಲಾದ ಜೀವಿಗಳ ಪ್ರಚೋದನೆಯಿಂದ ಸಸ್ಯದ ಅಂಗಾಂಶವು ಅಸಹಜವಾಗಿ ಬೆಳೆದು ಉಂಟಾಗುವ ಉಬ್ಬು. ಗಂಟು ಸಸ್ಯದ ಜೀವಕೋಶಗಳಿಂದಲೇ ರೂಪುಗೊಂಡರೂ ಅದರ ಆಕಾರ ಮತ್ತು ಒಳರಚನೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರೊಳಗೆ ವಾಸಿಸುವ ಜೀವಿ.

ರಾಸಾಯನಿಕ ಬದಲಾವಣೆಗಳು

ಮೊಟ್ಟೆಯಿಡುವಾಗ ಹೆಣ್ಣು ಕೀಟವು ಸೇರಿಸುವ ದ್ರವ ಅಥವಾ ಮರಿಹುಳುವಿನ ಜೊಲ್ಲು ಗಂಟಿನ ಬೆಳವಣಿಗೆಗೆ ಕಾರಣವಾಗುತ್ತದೆ. ಆಕ್ಸಿನ್ ಮತ್ತು ಸೈಟೊಕೈನಿನ್ ಹಾರ್ಮೋನುಗಳ ಪ್ರಮಾಣ ಬದಲಾಗಿ ಕೋಶಗಳು ಹಿಗ್ಗುತ್ತವೆ, ವೇಗವಾಗಿ ವಿಭಜನೆಗೊಳ್ಳುತ್ತವೆ. ಕೆಲವು ಗಂಟುಕೀಟಗಳು ಈ ಹಾರ್ಮೋನುಗಳನ್ನು ತಾವೇ ತಯಾರಿಸಬಲ್ಲವು. ಸಸ್ಯದ ಇತರ ಭಾಗಗಳಿಗೆ ಸಲ್ಲಬೇಕಾದ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಗಂಟಿನತ್ತ ಹರಿಯುತ್ತವೆ. ಕಣಜಗಳು ಉಂಟುಮಾಡುವ ಅನೇಕ ಗಂಟುಗಳಲ್ಲಿ ಮರಿಹುಳುವನ್ನು ಸುತ್ತುವರಿದ ಒಳಪದರವು ಪೋಷಕಾಂಶಗಳಿಂದ ಸಮೃದ್ಧವಾಗಿದ್ದು, ಹೊರಪದರದಲ್ಲಿ ಒಗರಾದ ಟ್ಯಾನಿನ್‌ಗಳು ಶೇಖರವಾಗುತ್ತವೆ.

ಕರ್ನಾಟಕದಲ್ಲಿ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವ್ಯಾಪಕವಾಗಿ ಬೆಳೆಸಲಾದ ನೀಲಗಿರಿ ಮರದ ಮುಖ್ಯ ಗಂಟುಕೀಟ ಲೆಪ್ಟೊಸೈಬೆ ಇನ್ವೇಸಾ ಎಂಬ ಕಣಜ. ಆಸ್ಟ್ರೇಲಿಯಾ ಮೂಲದ ಈ ಕೀಟವು 2001ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಕಂಡುಬಂದಿತು. 2004ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಡಲಾಯಿತು. ಎಳೆಯ ಎಲೆಯ ನಡುನರ, ತೊಟ್ಟು ಮತ್ತು ಚಿಗುರುಗಳಲ್ಲಿ ಗಂಟುಗಳು ಮೂಡುವುದರಿಂದ ಸಸಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಇದರ ಜೈವಿಕ ನಿಯಂತ್ರಣಕ್ಕಾಗಿ ಇಸ್ರೇಲಿನಿಂದ ಕ್ವಾಡ್ರಾಸ್ಟಿಕಸ್ ಮೆಂಡೆಲಿ ಎಂಬ ಪರಾವಲಂಬಿ ಕಣಜವನ್ನು ತರಿಸಲಾಯಿತು. ಅಂತರ್ಜಲದ ಕಾರಣದಿಂದ ರಾಜ್ಯ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹೊಂಗೆ ಮರದ ಎಲೆಗಳ ಮೇಲೆ ಸಾಮಾನ್ಯವಾಗಿ ಕಾಣುವ ಗಂಟುಗಳನ್ನು ಉಂಟುಮಾಡುವುದು ಕೀಟವಲ್ಲ, ಅಸೇರಿಯಾ ಪೊಂಗಾಮಿಯೇ ಎಂಬ ನುಸಿ.

ಸಾದಲಿ ಹೋಬಳಿಯನ್ನು ಒಳಗೊಂಡ ಶಿಡ್ಲಘಟ್ಟ ತಾಲ್ಲೂಕು ರೇಷ್ಮೆ ಕೃಷಿಗೆ ಹೆಸರುವಾಸಿ. ಹಿಪ್ಪುನೇರಳೆಯಲ್ಲಿ ಕಾಣುವ ‘ತುಕ್ರ’ ನಿಜವಾದ ಗಂಟಲ್ಲ. ಆದರೂ ಇಲ್ಲಿ ಕೂಡ ಕೀಟದ ಜೊಲ್ಲೇ ಸಸ್ಯದ ಬೆಳವಣಿಗೆಯನ್ನು ಬದಲಿಸುತ್ತದೆ. ಗುಲಾಬಿ ಬಣ್ಣದ ಹಿಟ್ಟುತಿಗಣೆಯು ರಸ ಹೀರುವುದರಿಂದ ಚಿಗುರು ಚಪ್ಪಟೆಯಾಗಿ, ಎಲೆಗಳು ಸುಕ್ಕುಗಟ್ಟಿ ಕಡುಹಸಿರಾಗುತ್ತವೆ. ಇಂತಹ ಸೊಪ್ಪು ರೇಷ್ಮೆಹುಳುಗಳಿಗೆ ಉತ್ತಮ ಆಹಾರವಲ್ಲದ ಕಾರಣ ಗೂಡಿನ ಇಳುವರಿಗೂ ಧಕ್ಕೆಯಾಗುತ್ತದೆ. ತುಕ್ರ ತಗುಲಿದ ಚಿಗುರನ್ನು ಕತ್ತರಿಸಿ ಸುಡುವುದು ಮತ್ತು ಹಿಟ್ಟುತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಜೀರುಂಡೆಯನ್ನು ಬಿಡುವುದು ರೂಢಿಯಲ್ಲಿರುವ ಕ್ರಮಗಳು.

ಉಪಯೋಗಗಳು

ಗ್ರಂದಿಗೆ ಅಂಗಡಿಗಳಲ್ಲಿ ದೊರೆಯುವ ಮಾಚಿಕಾಯಿಯು ಹೆಸರಿನಲ್ಲಿ ಕಾಯಿಯಾದರೂ ಹಣ್ಣಿನ ಜಾತಿಯದಲ್ಲ. ಪಶ್ಚಿಮ ಏಷ್ಯಾದ ಓಕ್ ಮರದಲ್ಲಿ ಕಣಜವು ಉಂಟುಮಾಡುವ ಗಂಟು. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಟ್ಯಾನಿನ್ ಇರಬಹುದು. ಈ ಟ್ಯಾನಿನ್ ಕಬ್ಬಿಣದ ಲವಣದೊಂದಿಗೆ ಕೂಡಿ ಕಪ್ಪು ಬಣ್ಣ ತಳೆಯುವುದರಿಂದ ಶತಮಾನಗಳ ಕಾಲ ಬರೆಯುವ ಶಾಯಿಯ ತಯಾರಿಕೆಯಲ್ಲಿ ಬಳಕೆಯಾಗಿತ್ತು. ಗ್ಯಾಲಿಕ್ ಆಮ್ಲಕ್ಕೆ ಆ ಹೆಸರು ಬಂದಿರುವುದೂ ಗಂಟುಗಳಿಂದಲೇ.