ಕೊನೆಯ ಪುಟವೂ ಕೊನೆಯ ದೃಶ್ಯವೂ



ಗೋಕಾಕ, ಮೂಡಲಗಿ, ಹುಕ್ಕೇರಿ ಎಂದೊಡನೆ ಘಟಪ್ರಭೆ, ಜಲಪಾತ, ಹಿಡಕಲ್ ಜಲಾಶಯ, ಕರದಂಟು ನಮ್ಮ ನೆನಪಿಗೆ ಬರುತ್ತವೆ. ಈ ನೆಲ ಕನ್ನಡ ಚಿತ್ರರಂಗಕ್ಕೆ ಕಥೆಗಳನ್ನೂ ಕೊಟ್ಟಿದೆ. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ ಕಾದಂಬರಿಯು 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಚಿತ್ರವಾಯಿತು. ಮರುವರ್ಷ ಅವರ ‘ಕುಲವಧು’ ತೆರೆಗೆ ಬಂದಿತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಜನಿಸಿದ ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ಯನ್ನು ಟಿ.ಎಸ್. ನಾಗಾಭರಣರು 2003ರಲ್ಲಿ ಚಲನಚಿತ್ರವಾಗಿಸಿದರು. ತೆರೆಗೆ ಬರುವಾಗ ಪುರಾಣಿಕರ ಕಾದಂಬರಿಯ ಹೆಸರು ಬದಲಾಯಿತು. ಕಂಬಾರರ ಕಾದಂಬರಿಯ ಹೆಸರಿನಿಂದ ಅರಮನೆ ಬಿಟ್ಟುಹೋಯಿತು.

ಹೆಸರು ಬದಲಾದರೆ ಓದುಗರು ಸಹಿಸಿಕೊಳ್ಳುತ್ತಾರೆ. ಕಥೆಯ ಕೊನೆಯೇ ಬದಲಾದಾಗ ಮಾತ್ರ ಮನಸ್ಸು ಕಸಿವಿಸಿಗೊಳ್ಳುತ್ತದೆ. ಹೀಗೇಕೆ ಬದಲಾಯಿಸುತ್ತಾರೆ?

ಕಾದಂಬರಿಯನ್ನು ನಾವು ಒಬ್ಬರೇ ಕುಳಿತು ಓದುತ್ತೇವೆ. ಮನಸ್ಸು ಭಾರವಾದರೆ ಪುಸ್ತಕವನ್ನು ಮುಚ್ಚಿಟ್ಟು ಮರುದಿನ ತೆರೆಯಬಹುದು. ಚಲನಚಿತ್ರವಾದರೋ ಎರಡು ಮೂರು ಗಂಟೆಗಳಲ್ಲಿ ನೂರಾರು ಜನರ ಎದುರು ಮುಗಿಯಬೇಕು. ಹೂಡಿದ ಹಣವೂ ಹಿಂದಿರುಗಬೇಕು. ಕೆಲವೊಮ್ಮೆ ಬೇರೆ ದಾರಿಯೇ ಇರುವುದಿಲ್ಲ. ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ನಿರ್ದೇಶಿಸಿದರು. ಮೂರು ಪುಸ್ತಕಗಳಿಗೆ ಮೂರು ಕೊನೆಗಳು, ಚಿತ್ರಕ್ಕೆ ಒಂದೇ. ರಾಮಾಚಾರಿ ಮತ್ತು ಮಾರ್ಗರೆಟ್ ಚಿತ್ರದುರ್ಗದ ಬೆಟ್ಟದಲ್ಲಿ ಪ್ರಾಣ ಬಿಡುವ ಆ ಕೊನೆಯನ್ನು ಕಂಡು ಜನ ಕಣ್ಣೀರಿಟ್ಟರು. ಚಿತ್ರ ಅಪಾರ ಯಶಸ್ಸು ಗಳಿಸಿದರೂ ಕಾದಂಬರಿಕಾರರಿಗೆ ಅದು ಸಮಾಧಾನ ತರಲಿಲ್ಲ.

ಕೊನೆಯ ಬದಲಾವಣೆಯನ್ನು ಇನ್ನೂ ಸ್ಪಷ್ಟವಾಗಿ ಕಾಣಬೇಕಾದರೆ ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣರ ‘ಗೈಡ್’ ಕಾದಂಬರಿಯನ್ನು ನೋಡಬೇಕು. 1958ರಲ್ಲಿ ಪ್ರಕಟವಾದ ಈ ಕೃತಿಯ ನಾಯಕ ರಾಜು ಪ್ರವಾಸಿಗರಿಗೆ ದಾರಿ ತೋರಿಸುವವನು. ಸೆರೆಮನೆಯಿಂದ ಬಿಡುಗಡೆಯಾಗಿ ನದಿಯ ದಡದ ಪಾಳು ಗುಡಿಯಲ್ಲಿ ಕುಳಿತವನನ್ನು ಹಳ್ಳಿಯ ಜನ ಸಾಧುವೆಂದು ನಂಬುತ್ತಾರೆ. ಬರಗಾಲ ಬರುತ್ತದೆ. ರಾಜು ಆಡಿದ ಮಾತನ್ನು ಮುಗ್ಧನೊಬ್ಬ ತಪ್ಪಾಗಿ ತಿಳಿಸಿದ್ದರಿಂದ, ಮಳೆಗಾಗಿ ಅವನು ಉಪವಾಸ ಮಾಡಲೇಬೇಕಾಗುತ್ತದೆ. ಕೊನೆಯಲ್ಲಿ ಬಸವಳಿದ ರಾಜು ನದಿಯಲ್ಲಿ ನಿಂತು, ದೂರದ ಬೆಟ್ಟಗಳಲ್ಲಿ ಮಳೆಯಾಗುತ್ತಿದೆ ಎಂದು ಹೇಳಿ ಕುಸಿಯುತ್ತಾನೆ. ಮಳೆ ಬಂದಿತೇ? ಅವನು ಸತ್ತನೇ? ನಾರಾಯಣರು ಹೇಳುವುದಿಲ್ಲ.

ವಿಜಯ್ ಆನಂದ್ ನಿರ್ದೇಶಿಸಿದ 1965ರ ಹಿಂದಿ ಚಿತ್ರದಲ್ಲಿ ಮಳೆ ಧಾರಾಕಾರವಾಗಿ ಸುರಿಯುತ್ತದೆ, ರಾಜು ಸಾಯುತ್ತಾನೆ. ತಮ್ಮ ಕಥೆ ತೆರೆಯ ಮೇಲೆ ದಾರಿ ತಪ್ಪಿದ ಬಗೆಯನ್ನು ನಾರಾಯಣರು ಮುಂದೆ ಪ್ರಬಂಧವೊಂದರಲ್ಲಿ ವಿನೋದವಾಗಿ ಬರೆದರು. ಆದರೂ ಮಳೆಗಾಗಿ ಮುಗಿಲು ನೋಡುತ್ತಾ ಕುಳಿತ ಅನುಭವವಿರುವ ನಮ್ಮ ಸೀಮೆಯ ರೈತನಿಗೆ ಆ ದೃಶ್ಯ ಸುಳ್ಳೆನಿಸಲಾರದು. ಅಲ್ಲಿ ಮಳೆ ಬಂದರೂ ರಾಜು ತೆತ್ತ ಬೆಲೆ ಕಡಿಮೆಯಾಗಿಲ್ಲ. ಕಾದಂಬರಿ ನಮ್ಮಿಂದ ವಿಶ್ವಾಸವನ್ನು ಕೇಳುತ್ತದೆ. ಚಿತ್ರ ಕಣ್ಣಿಗೆ ಸಾಕ್ಷಿಯನ್ನು ಕೊಡುತ್ತದೆ.

ವಿಕ್ಟರ್ ಹ್ಯೂಗೋ 1831ರಲ್ಲಿ ಪ್ರಕಟಿಸಿದ, ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ಕಥೆಯ ಗತಿ ಬೇರೆ. ಕಾದಂಬರಿಯಲ್ಲಿ ನಿರಪರಾಧಿ ಹುಡುಗಿ ಎಸ್ಮೆರಾಲ್ಡಾಳನ್ನು ಗಲ್ಲಿಗೇರಿಸುತ್ತಾರೆ. ಗೂನುಬೆನ್ನಿನ ಗಂಟೆಗಾರ ಅವಳ ಶವದ ಪಕ್ಕದಲ್ಲೇ ಪ್ರಾಣ ಬಿಡುತ್ತಾನೆ. 1939ರ ಹಾಲಿವುಡ್ ಚಿತ್ರದಲ್ಲಿಯೂ 1996ರ ಡಿಸ್ನಿ ಚಿತ್ರದಲ್ಲಿಯೂ ಅವಳು ಬದುಕುಳಿಯುತ್ತಾಳೆ. ಮಕ್ಕಳೊಡನೆ ನೋಡುವಾಗ ನಮಗೂ ಹಾಯೆನಿಸುತ್ತದೆ. ಆದರೆ ಅವಳು ಬದುಕಿದೊಡನೆ, ಅವಳಿಗೆ ಮರಣದಂಡನೆ ವಿಧಿಸಿದ ನ್ಯಾಯಾಲಯದ ಅಪರಾಧವನ್ನು ನಾವು ಮರೆತುಬಿಡುತ್ತೇವಲ್ಲವೇ?

ಕೊನೆಯ ಈ ಪ್ರಶ್ನೆ ವಿಶ್ವಾಸಿಗಳಾದ ನಮಗೆ ಹೊಸದಲ್ಲ. ಸಂತ ಮಾರ್ಕನ ಶುಭಸಂದೇಶವು ಅತಿ ಪ್ರಾಚೀನ ಹಸ್ತಪ್ರತಿಗಳಲ್ಲಿ 16ನೇ ಅಧ್ಯಾಯದ 8ನೇ ವಚನಕ್ಕೆ ನಿಲ್ಲುತ್ತದೆ: ಬರಿದಾದ ಸಮಾಧಿಯನ್ನು ಕಂಡ ಸ್ತ್ರೀಯರು ಭಯದಿಂದ ಓಡುತ್ತಾರೆ, ಯಾರಿಗೂ ಏನನ್ನೂ ಹೇಳುವುದಿಲ್ಲ. ಮುಂದಿನ ವಚನಗಳು ತರುವಾಯ ಸೇರಿದವೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಧರ್ಮಸಭೆಯು ಅವನ್ನೂ ದೇವವಾಕ್ಯವೆಂದೇ ಸ್ವೀಕರಿಸಿದೆ. ಪುನರುತ್ಥಾನದ ಪ್ರಭುವಿನ ದರ್ಶನವನ್ನು ಸಾರುವ ಆ ವಚನಗಳು ಶಿಲುಬೆಯನ್ನು ಅಳಿಸುವುದಿಲ್ಲ. ಶುಭಸಂದೇಶದ ಒಡಲಲ್ಲಿದ್ದುದನ್ನೇ ಮುಂದುವರಿಸುತ್ತವೆ. ಆದುದರಿಂದ ಕೊನೆಗೆ ಏನನ್ನಾದರೂ ಸೇರಿಸಿದ ಮಾತ್ರಕ್ಕೆ ಕಥೆಗೆ ದ್ರೋಹವಾಯಿತೆನ್ನಲಾಗದು. ಸೇರಿಸಿದ್ದು ಕಥೆಯ ನೋವನ್ನು ಗೌರವಿಸುತ್ತದೆಯೇ ಎಂಬುದನ್ನು ನೋಡಬೇಕು.

ಪುಸ್ತಕವನ್ನು ಆಧರಿಸಿದ ಚಿತ್ರವನ್ನು ಮನೆಯವರೆಲ್ಲ ನೋಡಿದ ಮೇಲೆ ಗ್ರಂಥಾಲಯದಿಂದ ಆ ಪುಸ್ತಕವನ್ನೂ ತನ್ನಿರಿ. ಕೊನೆಯ ಅಧ್ಯಾಯವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಚಿತ್ರದಲ್ಲಿ ಯಾರ ನೋವನ್ನು ತೆಗೆದುಹಾಕಿದರು, ಅದರಿಂದ ಯಾರ ತಪ್ಪು ಮರೆಯಾಯಿತು ಎಂದು ಕೇಳಿರಿ. ಆ ಸಂಜೆಯ ಪ್ರಾರ್ಥನೆಯಲ್ಲಿ ದುಂದುಗಾರ ಮಗನ ಸಾಮತಿಯನ್ನು ಓದಿಕೊಳ್ಳಿರಿ. ಒಳಗೆ ಹಬ್ಬ ನಡೆದಿದೆ, ಹಿರಿಯ ಮಗ ಸಿಟ್ಟಿನಿಂದ ಹೊರಗೆ ನಿಂತಿದ್ದಾನೆ, ತಂದೆ ಬಂದು ಬೇಡಿಕೊಳ್ಳುತ್ತಿದ್ದಾನೆ. ಅವನು ಒಳಗೆ ಹೋದನೇ ಇಲ್ಲವೇ ಎಂಬುದನ್ನು ಪ್ರಭು ಯೇಸು ಹೇಳದೆ ಬಿಟ್ಟರು. ನಿಮ್ಮ ಮನೆಯಲ್ಲಿ ಯಾರು ಏನು ಹೇಳುತ್ತಾರೋ ಕೇಳಿ ನೋಡಿರಿ.